ಫೈಟು ಜಾಸ್ತಿಯೋ, ಮಾತು ಜಾಸ್ತಿಯೋ? - ಮ್ಯಾಟ್ರಿಕ್ಸ್ ರೀಲೋಡೆಡ್

ಮ್ಯಾಟ್ರಿಕ್ಸ್ ಸರಣಿಯ ಎರಡನೇ ಸಿನಿಮಾದ ಹೆಸರು ಎತ್ತಿದರೆ ಸಾಕು, ಎರಡು ಥರದ ಜನ ಸಿಗುತ್ತಾರೆ. ಒಂದು ಗುಂಪಿನದು, "ಫೈಟುಗಳು ಸೂಪರ್ ಮಾರಾಯ, ಆದ್ರೆ ನಡುನಡುವೆ ಆ ಮುದುಕರ ಪ್ರವಚನ ಯಾಕೆ ಬೇಕಿತ್ತು?" ಅನ್ನೋ ದೂರು. ಇನ್ನೊಂದು ಗುಂಪಿನದು, "ಮೊದಲನೇ ಸಿನಿಮಾದಲ್ಲಿ ಎಂಥಾ ಆಲೋಚನೆ ಇತ್ತು, ಇದರಲ್ಲಿ ಬರೀ ಗುದ್ದಾಟ" ಅನ್ನೋ ಕೊರಗು. ಒಂದೇ ಸಿನಿಮಾಕ್ಕೆ ಮಾತು ಜಾಸ್ತಿ ಅಂತಲೂ ಬೈಗುಳ, ಮಾತು ಕಡಿಮೆ ಅಂತಲೂ ಬೈಗುಳ! ಈ ಸಿನಿಮಾ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಈ ಜಗಳ ಮಾತ್ರ ಮುಗಿದಿಲ್ಲ. ಸುಮಾರು ದಿನದಿಂದ ಇದರ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ, ಈಗ ಕೂತಿದ್ದೇನೆ.

(ಎಚ್ಚರಿಕೆ: ಕಥೆ ಪೂರ್ತಿ ಬಿಚ್ಚಿಡುತ್ತೇನೆ. ಇನ್ನೂ ನೋಡಿಲ್ಲ ಅನ್ನುವವರು ನೋಡಿಕೊಂಡು ಬನ್ನಿ. ಈ ಪೋಸ್ಟು ಎಲ್ಲೂ ಓಡಿಹೋಗುವುದಿಲ್ಲ.)

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ಫೈಟಾ, ತತ್ವವಾ?" ಅಂತ ತಕ್ಕಡಿ ಹಿಡಿಯುವುದೇ ತಪ್ಪು ಲೆಕ್ಕ. ಈ ಸಿನಿಮಾದ ಅತ್ಯುತ್ತಮ ತತ್ವಜ್ಞಾನ ಇರುವುದು ಹೈವೇ ಮೇಲೆ, ಕಾರುಗಳ ನಡುವೆ. ಅತ್ಯುತ್ತಮ ಕಾಳಗ ಇರುವುದು ಟೀವಿ ಪರದೆಗಳ ಕೋಣೆಯಲ್ಲಿ, ಇಬ್ಬರು ಮೈ ಮುಟ್ಟದೆ ನಿಂತು ಮಾತಾಡುವ ಜಾಗದಲ್ಲಿ. ಸಿನಿಮಾ ಸೋಲುವುದು ಫೈಟಿಗೂ ಆ ಪ್ರಶ್ನೆಗೂ ಸಂಬಂಧ ಕಡಿದುಹೋದ ಕಡೆ ಮಾತ್ರ. ಇದು ಬರೀ ಸಿನಿಮಾ ರುಚಿಯ ವಿಷಯವೂ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲಿಗೆ ಸ್ವಲ್ಪ ಹಿಂದಕ್ಕೆ ಹೋಗೋಣ. 1999ರಲ್ಲಿ ಬಂದ 'ದಿ ಮ್ಯಾಟ್ರಿಕ್ಸ್' ಅಷ್ಟು ಚೆನ್ನಾಗಿ ಕೂತಿದ್ದು ಯಾಕೆ? ಅದರಲ್ಲಿ ಫೈಟೇ ವಾದ ಆಗಿತ್ತು. ನೀನು ಬದುಕುತ್ತಿರುವ ಜಗತ್ತು ಒಂದು ಕಂಪ್ಯೂಟರ್ ಪ್ರೋಗ್ರಾಂ, ಇಲ್ಲಿನ ಗುರುತ್ವಾಕರ್ಷಣೆ ಕೂಡ ಬರೀ ಒಂದು ನಿಯಮ, ನಿಯಮ ಅಂದಮೇಲೆ ಅದನ್ನು ಬಗ್ಗಿಸಬಹುದು ಅಂತ ಮಾರ್ಫಿಯಸ್ ಹೇಳುತ್ತಾನೆ. ಆಮೇಲೆ ಆ ಕಟ್ಟಡದ ಮೇಲೆ ನಿಯೋ ಹಿಂದಕ್ಕೆ ಬಾಗಿ ಗುಂಡು ತಪ್ಪಿಸಿಕೊಳ್ಳುತ್ತಾನಲ್ಲ, ಕ್ಯಾಮೆರಾ ಅವನ ಸುತ್ತ ಒಂದು ಸುತ್ತು ಬರುತ್ತದಲ್ಲ, ಅದು ಮಾರ್ಫಿಯಸ್ ಹೇಳಿದ ಮಾತಿಗೆ ಕಣ್ಣಾರೆ ಕಂಡ ಸಾಕ್ಷಿ. ಬುಲೆಟ್ ಟೈಮ್ ಬರೀ ಗಿಮಿಕ್ ಆಗಿದ್ದರೆ ಆಮೇಲೆ ಅದನ್ನು ಕಾಪಿ ಹೊಡೆದ ಎಲ್ಲ ಸಿನಿಮಾ, ಎಲ್ಲ ಜಾಹೀರಾತು ಕೂಡ ಅಷ್ಟೇ ಚೆನ್ನಾಗಿರಬೇಕಿತ್ತು. ಇರಲಿಲ್ಲ. ಯಾಕೆಂದರೆ ಅವುಗಳಲ್ಲಿ ಆ ಬಾಗುವಿಕೆಗೆ ಅರ್ಥವೇ ಇರಲಿಲ್ಲ.

ಆದರೆ ಮೊದಲನೇ ಸಿನಿಮಾ ತನ್ನ ಮುಂದಿನ ಭಾಗಕ್ಕೆ ಒಂದು ದೊಡ್ಡ ತೊಂದರೆ ಬಿಟ್ಟುಹೋಯಿತು. ಕೊನೆಯಲ್ಲಿ ನಿಯೋ ಗುಂಡುಗಳನ್ನು ಗಾಳಿಯಲ್ಲೇ ನಿಲ್ಲಿಸುತ್ತಾನೆ, ಏಜೆಂಟ್ ಸ್ಮಿತ್‌ನನ್ನು ಒಳಗಿನಿಂದಲೇ ಸಿಡಿಸುತ್ತಾನೆ, ಆಕಾಶಕ್ಕೆ ಹಾರುತ್ತಾನೆ. ನಿಯಮ ಬಗ್ಗಿಸಬಹುದು ಅನ್ನೋದು ಸಾಬೀತಾಗಿ ಹೋಯಿತು. ಇನ್ನು ಎರಡನೇ ಭಾಗದಲ್ಲಿ ಇವನ ಜೊತೆ ಗುದ್ದಾಡಿ ಯಾರು ಏನು ಸಾಬೀತು ಮಾಡಬೇಕು? ಸೋಲೇ ಇಲ್ಲದವನ ಫೈಟು ನೋಡುವುದು ಫಲಿತಾಂಶ ಗೊತ್ತಿರುವ ಕ್ರಿಕೆಟ್ ಮ್ಯಾಚಿನ ಮರುಪ್ರಸಾರ ನೋಡಿದ ಹಾಗೆ. ಹೊಡೆತ ಚೆಂದ ಕಾಣುತ್ತದೆ, ಎದೆ ಹೊಡೆದುಕೊಳ್ಳುವುದಿಲ್ಲ.

ಈ ತೊಂದರೆ ಎದ್ದು ಕಾಣುವುದು ಆ ನೂರು ಸ್ಮಿತ್‌ಗಳ ಫೈಟಿನಲ್ಲಿ.

ಕೆಲಸ ಕಡಿಮೆ ಏನಲ್ಲ. ಹೊಡೆದಾಟ ಹೇಳಿಕೊಟ್ಟವರು ಹಾಂಗ್‌ಕಾಂಗಿನ ಯುಯೆನ್ ವೂ-ಪಿಂಗ್. ಮೊದಲನೇ ಮ್ಯಾಟ್ರಿಕ್ಸ್‌ಗೂ, 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್'ಗೂ ಅವರದೇ ಕೈಚಳಕ. ವಿಷುವಲ್ ಎಫೆಕ್ಟ್ಸ್ ನೋಡಿಕೊಂಡ ಜಾನ್ ಗೇಟಾ ತಂಡ ಕಿಯಾನು ರೀವ್ಸ್ ಮತ್ತು ಹ್ಯೂಗೋ ವೀವಿಂಗ್ ಮುಖದ ಒಂದೊಂದು ಚಲನೆಯನ್ನೂ ಏಕಕಾಲಕ್ಕೆ ಐದು ಹೈ ಡೆಫಿನಿಷನ್ ಕ್ಯಾಮೆರಾಗಳಲ್ಲಿ ಹಿಡಿದು, ಅದರಿಂದ ಕಂಪ್ಯೂಟರಿನೊಳಗೆ ಡಿಜಿಟಲ್ ನಟರನ್ನೇ ಕಟ್ಟಿತ್ತು. 2003ಕ್ಕೆ ಇದು ಬಹಳ ಮುಂದಿನ ಕೆಲಸ. ಇವತ್ತು ನೋಡಿದರೆ ಕೆಲವು ಶಾಟುಗಳು ವಿಡಿಯೋ ಗೇಮ್ ಥರ, ರಬ್ಬರ್ ಗೊಂಬೆ ಥರ ಕಾಣುತ್ತವೆ, ನಿಜ. ಆದರೆ ನನ್ನ ತಕರಾರು ಅದಲ್ಲ.

ಆ ದೃಶ್ಯ ಶುರುವಾಗುವುದು ಒಳ್ಳೆ ಮಾತಿನಿಂದ. ಸ್ಮಿತ್ ಈಗ ಏಜೆಂಟ್ ಅಲ್ಲ. ವ್ಯವಸ್ಥೆಯಿಂದ ಬಿಡುಗಡೆ ಆಗಿದ್ದಾನೆ. ಆದರೆ ಬಿಡುಗಡೆಯಾದವನಿಗೆ ಮಾಡಲು ಕೆಲಸವಿಲ್ಲ, ಇರಲು ಕಾರಣವಿಲ್ಲ. ಉದ್ದೇಶ ಇಲ್ಲದ ಸ್ವಾತಂತ್ರ್ಯ ಅವನನ್ನು ಒಳಗಿನಿಂದ ಕೊರೆಯುತ್ತಿದೆ. ಹಾಗೆ ಮಾತಾಡುತ್ತಲೇ ನಿಯೋ ಎದೆಗೆ ಕೈ ಹಾಕುತ್ತಾನೆ. ಕಪ್ಪು ರಸದಂಥದ್ದು ನಿಯೋ ಮೈಮೇಲೆ ಹರಡತೊಡಗುತ್ತದೆ. ಇನ್ನೊಂದು ಗಳಿಗೆ ಹೀಗೇ ಬಿಟ್ಟರೆ ನಿಯೋ ಕೂಡ ಒಬ್ಬ ಸ್ಮಿತ್. ಇಡೀ ದೃಶ್ಯದಲ್ಲಿ ಭಯ ಆಗುವುದು ಆ ಕೆಲವು ಸೆಕೆಂಡು ಮಾತ್ರ! ನಿಯೋ ಕೊಸರಿಕೊಳ್ಳುತ್ತಾನೆ, ಭಯ ಅಲ್ಲಿಗೇ ಮುಗಿಯಿತು. ಆಮೇಲೆ ನಿಮಿಷಗಟ್ಟಲೆ ಹೊಡೆತ. ನೆಲದಿಂದ ಕಂಬ ಕಿತ್ತು ಬೀಸುತ್ತಾನೆ, ಇವರು ಬೀಳುತ್ತಾರೆ, ಏಳುತ್ತಾರೆ, ಇನ್ನಷ್ಟು ಸ್ಮಿತ್‌ಗಳು ಓಡಿಬರುತ್ತಾರೆ. ಕೊನೆಗೆ ನಿಯೋ ಏನು ಮಾಡುತ್ತಾನೆ? ಹಾರಿ ಹೋಗುತ್ತಾನೆ. ಅಲ್ಲ ಸ್ವಾಮಿ, ಹಾರಲು ಬರುತ್ತದೆ ಅಂದಮೇಲೆ ಮೊದಲನೇ ನಿಮಿಷದಲ್ಲೇ ಹಾರಬಹುದಿತ್ತಲ್ಲ? ಫೈಟು ಮುಗಿದ ಮೇಲೆ ಜಗತ್ತಿನಲ್ಲಿ ಏನೂ ಬದಲಾಗಿಲ್ಲ. ನಿಯೋಗೂ ಏನೂ ಆಗಿಲ್ಲ, ಸ್ಮಿತ್‌ಗೂ ಏನೂ ಆಗಿಲ್ಲ, ನಮಗೂ ಏನೂ ಆಗಿಲ್ಲ.

"ಅದೇ ಅದರ ಅರ್ಥ ಕಣ್ರೀ, ನಕಲಿನ ಮೇಲೆ ನಕಲು, ಎಲ್ಲ ಖಾಲಿ ಅಂತ ತೋರಿಸುತ್ತಿದ್ದಾರೆ" ಅಂತ ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಬೇಸರ ಆಗುತ್ತದೆ ಅಂತ ತೋರಿಸಲು ನೋಡುವವನಿಗೆ ಬೇಸರ ಮಾಡುವುದು ಸುಲಭದ ಕೆಲಸ, ನಾನಂತೂ ಅದಕ್ಕೆ ಮಾರ್ಕ್ಸು ಕೊಡುವುದಿಲ್ಲ.

ಈಗ ಹೈವೇಗೆ ಬನ್ನಿ. ಈ ದೃಶ್ಯಕ್ಕಾಗಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ, ಹಳೆಯ ನೌಕಾಪಡೆ ವಿಮಾನ ನೆಲೆಯ ಜಾಗದಲ್ಲಿ, ಸುಮಾರು ಒಂದೂವರೆ ಮೈಲಿ ಉದ್ದದ ರಸ್ತೆಯನ್ನೇ ಕಟ್ಟಿದರು. ಗೋಡೆ, ಬೋರ್ಡು ಎಲ್ಲ ಸೇರಿಸಿ, ಬರೀ ಒಂದು ಚೇಸ್ ಸೀನಿಗೆ! ಕೇಳಿದರೆ ದುಂದುವೆಚ್ಚ ಅನ್ನಿಸುತ್ತದೆ. ಆದರೆ ದೃಶ್ಯ ನೋಡಿ. ಅದರ ನಿಯಮ ಮೊದಲೇ ನಮಗೆ ಗೊತ್ತಿದೆ. ಮ್ಯಾಟ್ರಿಕ್ಸ್‌ಗೆ ಕನೆಕ್ಟ್ ಆಗಿರುವ ಯಾರ ಮೈಯೊಳಗೆ ಬೇಕಾದರೂ ಏಜೆಂಟ್ ಇಳಿಯಬಹುದು. ಹಾಗಾದರೆ ಸಾವಿರಾರು ಜನ ಹೋಗುತ್ತಿರುವ ಹೈವೇ ಅಂದರೆ ಏನು? ಪಕ್ಕದ ಕಾರಿನ ಡ್ರೈವರ್, ಎದುರಿನ ಲಾರಿಯವನು, ಪ್ರತಿಯೊಬ್ಬನೂ ಮುಂದಿನ ಕ್ಷಣಕ್ಕೆ ಶತ್ರು ಆಗಬಹುದು. ಹೈವೇಗೆ ಹೋಗುವುದು ಆತ್ಮಹತ್ಯೆ ಅಂತ ನೀನೇ ಹೇಳುತ್ತಿದ್ದೆಯಲ್ಲ ಅಂತ ಟ್ರಿನಿಟಿ ನೆನಪಿಸುತ್ತಾಳೆ. ನಾನು ಹೇಳಿದ್ದು ಸುಳ್ಳಾಗಲಿ ಅಂತ ಆಶಿಸೋಣ ಅನ್ನೋ ಅರ್ಥದ ಉತ್ತರ ಕೊಟ್ಟು ಮಾರ್ಫಿಯಸ್ ಮುಂದೆ ಹೋಗುತ್ತಾನೆ.

ಮುಖ್ಯವಾದ ವಿಷಯ, ಅಲ್ಲಿ ನಿಯೋ ಇಲ್ಲ. ಅವನು ಒಂದು ಬಾಗಿಲಿನಾಚೆ, ನೂರಾರು ಮೈಲಿ ದೂರದ ಬೆಟ್ಟಗಳ ನಡುವೆ ಸಿಕ್ಕಿಕೊಂಡಿದ್ದಾನೆ. ಇಲ್ಲಿರುವವರು ಟ್ರಿನಿಟಿ, ಮಾರ್ಫಿಯಸ್ ಮತ್ತು ಕೀಲಿ ಮಾಡುವ ಪುಟ್ಟ ಮನುಷ್ಯ ಕೀಮೇಕರ್. ಮೂವರೂ ಸಾಯಬಹುದಾದವರು. ಹಾಗಾಗಿ ಮೋಟರ್‌ಬೈಕಿನಲ್ಲಿ ಟ್ರಿನಿಟಿ ಎದುರು ಬರುವ ವಾಹನಗಳ ನಡುವೆ ಒನ್‌ವೇನಲ್ಲಿ ಉಲ್ಟಾ ನುಗ್ಗುವಾಗ ನಾವು ಕುರ್ಚಿ ಹಿಡಿದುಕೊಳ್ಳುತ್ತೇವೆ. ಒಬ್ಬ ಏಜೆಂಟ್ ಓಡುವ ಕಾರಿನ ಮೇಲೆ ನೆಗೆದರೆ ಕಾರು ಅಪ್ಪಚ್ಚಿ. ಲಾರಿಯ ನೆತ್ತಿಯ ಮೇಲೆ ಮಾರ್ಫಿಯಸ್ ಕತ್ತಿ ಹಿಡಿದು ಹೊಡೆದಾಡುವಾಗ, ಕೆಳಗೆ ಬೀಳುವವನನ್ನು ನಯೋಬಿ ತನ್ನ ಕಾರಿನ ಬಾನೆಟ್ ಮೇಲೆ ಹಿಡಿದು ಮತ್ತೆ ಮೇಲಕ್ಕೆ ಕಳಿಸುತ್ತಾಳೆ. ಅವಳಿಗೆ ಮಾರ್ಫಿಯಸ್‌ನ ಭವಿಷ್ಯವಾಣಿಯಲ್ಲಿ ನಂಬಿಕೆ ಇಲ್ಲ, ಅವನಲ್ಲಿ ಇದೆ. ಒಂದು ಸೆಕೆಂಡಿನ ಆ ಕೆಲಸದಲ್ಲಿ ಅವರಿಬ್ಬರ ಹಳೆಯ ಸಂಬಂಧ ಪೂರ್ತಿ ಬಂದುಬಿಡುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಈ ಚೇಸಿನಲ್ಲಿ ಸಾಯುವ, ಜಖಂ ಆಗುವ ಸಾಮಾನ್ಯ ಡ್ರೈವರುಗಳು ಯಾರು? ಮಾರ್ಫಿಯಸ್ ಬಿಡುಗಡೆ ಮಾಡುತ್ತೇನೆ ಅಂತ ಹೊರಟ ಅದೇ ಜನ! ಅವರನ್ನು ಉಳಿಸಲು ಹೊರಟವರು ಅವರ ನಡುವೆಯೇ ಹೀಗೆ ನುಗ್ಗಬೇಕಾಗಿದೆ. ಯಾರೂ ಅಲ್ಲಿ ನಿಂತು ಇದರ ಬಗ್ಗೆ ಭಾಷಣ ಮಾಡುವುದಿಲ್ಲ. ಕಾಲು ಗಂಟೆಯ ಹತ್ತಿರದ ಆ ಓಟವೇ ಪ್ರಶ್ನೆ ಕೇಳುತ್ತದೆ. ತತ್ವಜ್ಞಾನ ಹೈವೇ ಮೇಲಿದೆ ಅಂದಿದ್ದು ಇದಕ್ಕೆ.

ಈಗ ಮಾತಿನ ಸೀನುಗಳು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಬೋರು ಅನ್ನುವುದು ಅನ್ಯಾಯ. ನನಗೆ ಬಹಳ ಇಷ್ಟವಾದದ್ದು, ಹೆಚ್ಚು ಜನ ಮರೆತೇಬಿಟ್ಟಿರುವ ಒಂದು ಸೀನು. ಝಯಾನ್ ನಗರದಲ್ಲಿ ರಾತ್ರಿ ನಿದ್ದೆ ಬಾರದ ನಿಯೋನನ್ನು ಕೌನ್ಸಿಲರ್ ಹಾಮನ್ ಕೆಳಗಿನ ಯಂತ್ರಗಳ ಅಂತಸ್ತಿಗೆ ಕರೆದುಕೊಂಡು ಹೋಗುತ್ತಾನೆ. ನೀರು ಶುದ್ಧ ಮಾಡುವುದು, ಗಾಳಿ ಕೊಡುವುದು ಎಲ್ಲ ಈ ಯಂತ್ರಗಳೇ. ಮೇಲೆ ಒಂದು ಥರದ ಯಂತ್ರ ನಮ್ಮನ್ನು ಕೊಲ್ಲಲು ಬರುತ್ತಿದೆ, ಕೆಳಗೆ ಇನ್ನೊಂದು ಥರದ ಯಂತ್ರ ನಮ್ಮನ್ನು ಉಳಿಸಿದೆ. ಬೇಕಾದರೆ ನಾವು ಇದನ್ನು ಆಫ್ ಮಾಡಬಹುದು ಅನ್ನುತ್ತಾನೆ ನಿಯೋ. ಸರಿ, ಅದನ್ನೇ ಹತೋಟಿ ಅನ್ನೋಣ, ಆದರೆ ಆಫ್ ಮಾಡಿದರೆ ನಮ್ಮ ದೀಪ, ನಮ್ಮ ಗಾಳಿ ಏನಾಗುತ್ತದೆ ಅಂತ ಮುದುಕ ನಗುತ್ತಾನೆ. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಓಡಾಡುವ ನಮಗೆ ಈ ಸೀನಿಗಿಂತ ಹತ್ತಿರದ್ದು ಆ ಸಿನಿಮಾದಲ್ಲಿ ಇನ್ನೊಂದಿಲ್ಲ. ಒಂದೇ ಒಂದು ಗುದ್ದೂ ಇಲ್ಲ.

ಫ್ರೆಂಚ್ ಉಚ್ಚಾರಣೆಯ ಮೆರೊವಿಂಜಿಯನ್ ಸೀನು ಸ್ವಲ್ಪ ಉದ್ದ, ಒಪ್ಪಿಕೊಳ್ಳೋಣ. ರೆಸ್ಟೋರೆಂಟಿನಲ್ಲಿ ಕೂತು, ಪಕ್ಕದ ಟೇಬಲ್ಲಿನ ಹೆಂಗಸಿಗೆ ತಾನೇ ಬರೆದ ಪ್ರೋಗ್ರಾಂ ತುಂಬಿದ ಕೇಕ್ ತಿನ್ನಿಸಿ, ಆಯ್ಕೆ ಅನ್ನೋದೆಲ್ಲ ಭ್ರಮೆ, ಇರುವುದು ಕಾರ್ಯ-ಕಾರಣ ಮಾತ್ರ ಅಂತ ಜಂಬದಿಂದ ಪಾಠ ಮಾಡುತ್ತಾನೆ. ಆದರೆ ಸಿನಿಮಾ ಅವನ ಪಾಠವನ್ನು ಹಾಗೇ ಬಿಡುವುದಿಲ್ಲ. ಅವನ ಚಪಲದಿಂದ ರೋಸಿಹೋದ ಹೆಂಡತಿ ಪರ್ಸೆಫನಿ ಕೀಮೇಕರನ್ನು ನಿಯೋ ಕೈಗೆ ಒಪ್ಪಿಸುತ್ತಾಳೆ, ಗಂಡ ಕೂಗಾಡಿದರೆ ಅವನದೇ ಕಾರ್ಯ-ಕಾರಣದ ಪಾಠವನ್ನು ಅವನ ಮುಖಕ್ಕೇ ಒಗೆಯುತ್ತಾಳೆ. ವಾದ ಮಾಡಿದವನಿಗೆ ವಾದವೇ ಮುಳುವಾಯಿತು. ಮಾತಿಗೆ ಪರಿಣಾಮ ಇದ್ದರೆ ಅದು ಪ್ರವಚನ ಅಲ್ಲ, ಅದು ಕಥೆ.

ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ. ತಾಳಮದ್ದಳೆ ಕೇಳಿದವರಿಗೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಕೃಷ್ಣಸಂಧಾನದಲ್ಲಿ ಸಂಧಿ ಮುರಿಯುತ್ತದೆ, ಯುದ್ಧ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂತು ಕೇಳುತ್ತಾರೆ. ಮಾತಾಡುತ್ತಿರುವ ಇಬ್ಬರಿಗೂ ಕಳೆದುಕೊಳ್ಳಲು ಏನೋ ಇದೆ, ಒಂದೊಂದು ಮಾತಿಗೂ ಎದುರಿನವನ ಕಾಲ ಕೆಳಗಿನ ನೆಲ ಸ್ವಲ್ಪ ಸರಿಯುತ್ತದೆ, ಅದಕ್ಕೆ. ಮಾತು ಬೋರು ಹೊಡೆಸುವುದು ಮಾತಾಗಿರುವುದರಿಂದ ಅಲ್ಲ, ಪಣ ಇಲ್ಲದಿರುವುದರಿಂದ.

ಆ ಲೆಕ್ಕದಲ್ಲಿ ಆರ್ಕಿಟೆಕ್ಟ್ ಸೀನು ಇಡೀ ಮೂರು ಸಿನಿಮಾಗಳ ಅತಿ ದೊಡ್ಡ ಕಾಳಗ.

ಹೌದು, ಆ ಬಿಳಿಗಡ್ಡದವನ ಇಂಗ್ಲಿಷು ಕಬ್ಬಿಣದ ಕಡಲೆ. ಅದೇ ವರ್ಷದ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ವಿಲ್ ಫೆರೆಲ್ ಅದನ್ನು ಅಣಕ ಮಾಡಿ ಜನರನ್ನು ಬಿದ್ದುಬಿದ್ದು ನಗಿಸಿದ್ದ. ಆದರೆ ಆ ದೊಡ್ಡ ಪದಗಳ ಸಿಪ್ಪೆ ಸುಲಿದರೆ ಒಳಗಿರುವುದು ಇಷ್ಟೇ. ಮೊದಲು ನಾನು ಕಟ್ಟಿದ ಮ್ಯಾಟ್ರಿಕ್ಸ್ ಸ್ವರ್ಗದ ಹಾಗಿತ್ತು, ಮನುಷ್ಯರು ಒಪ್ಪಲಿಲ್ಲ. ಎರಡನೇದನ್ನು ನಿಮ್ಮ ಇತಿಹಾಸದ ಕ್ರೌರ್ಯವನ್ನೆಲ್ಲ ಹಾಕಿ ಕಟ್ಟಿದೆ, ಅದೂ ಸೋತಿತು. ಆಮೇಲೆ ಆರೇಕಲ್ ಒಂದು ಉಪಾಯ ಕಂಡುಹಿಡಿದಳು. ಜನರಿಗೆ ಆಯ್ಕೆ ಕೊಟ್ಟರೆ, ಆ ಆಯ್ಕೆ ಇರುವುದು ಅವರಿಗೆ ಸರಿಯಾಗಿ ಗೊತ್ತಿಲ್ಲದಿದ್ದರೂ ಕೂಡ, 99% ಜನ ಒಪ್ಪಿಕೊಳ್ಳುತ್ತಾರೆ. ಒಪ್ಪದ ಆ ಉಳಿದವರು ಗುಂಪಾದರೆ ಅಪಾಯ. ಅದಕ್ಕೇ ಝಯಾನ್ ಇದೆ, ಅದಕ್ಕೇ ನೀನೂ ಇದ್ದೀಯ. ಇದು ಆರನೇ ಸಲ. ಹಿಂದೆ ಐದು ಸಲ ಝಯಾನನ್ನು ಅಳಿಸಿದ್ದೇವೆ. ಈಗ ನೀನು 16 ಹೆಂಗಸರು, 7 ಗಂಡಸರು, ಒಟ್ಟು 23 ಜನರನ್ನು ಆರಿಸಿಕೊಂಡು ಹೊಸ ಝಯಾನ್ ಕಟ್ಟು. ಇಲ್ಲದಿದ್ದರೆ ಮ್ಯಾಟ್ರಿಕ್ಸ್ ಕುಸಿದು ಎಲ್ಲರೂ ಸಾಯುತ್ತಾರೆ.

ಯೋಚನೆ ಮಾಡಿ! ಮೊದಲನೇ ಸಿನಿಮಾದಲ್ಲಿ ನಾವು ಎದೆಯುಬ್ಬಿಸಿ ನೋಡಿದ ದಂಗೆ, ಮಾರ್ಫಿಯಸ್‌ನ ನಂಬಿಕೆ, ಭವಿಷ್ಯವಾಣಿ, ಕೆಂಪು ಮಾತ್ರೆ, ಎಲ್ಲವೂ ವ್ಯವಸ್ಥೆಯ ಲೆಕ್ಕದಲ್ಲಿ ಮೊದಲೇ ಇತ್ತು. ಪ್ರೆಶರ್ ಕುಕ್ಕರಿನ ಸೀಟಿ ಇದ್ದ ಹಾಗೆ. ಸೀಟಿ ಹೊಡೆದಾಗ ಕುಕ್ಕರ್ ಸೋತಿತು ಅಂತ ಹಬೆ ಅಂದುಕೊಂಡರೆ? ಕುಕ್ಕರ್ ಒಡೆಯದಿರಲಿ ಅಂತಲೇ ಸೀಟಿ ಇಟ್ಟಿರುವುದು. ಒಬ್ಬ ಹೀರೋಗೆ ಇದಕ್ಕಿಂತ ಜೋರಾದ ಹೊಡೆತ ಯಾವ ಸ್ಮಿತ್ ಕೊಟ್ಟಾನು? ಸುತ್ತ ಗೋಡೆಯ ತುಂಬ ಟೀವಿಗಳು, ಪ್ರತಿಯೊಂದರಲ್ಲೂ ಒಬ್ಬ ನಿಯೋ ಒಂದೊಂದು ಥರ ಸಿಟ್ಟಾಗುತ್ತಾನೆ, ಕೂಗುತ್ತಾನೆ, ಬೆರಳು ತೋರಿಸುತ್ತಾನೆ. ಕ್ಯಾಮೆರಾ ಒಂದು ಪರದೆಯೊಳಗೆ ನುಗ್ಗಿ ನಮ್ಮ ನಿಯೋನನ್ನು ಆರಿಸಿಕೊಳ್ಳುತ್ತದೆ. ದೃಶ್ಯವೈಭವ ಬೇಕು ಅನ್ನುವವರಿಗೆ ಇದಕ್ಕಿಂತ ಏನು ಬೇಕು? ನೂರು ಸ್ಮಿತ್‌ಗಳಿಗಿಂತ ಗೋಡೆ ತುಂಬ ಇರುವ ಈ ನಿಯೋಗಳೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ಆಮೇಲೆ ಎರಡು ಬಾಗಿಲು. ಒಂದು ಮನುಕುಲವನ್ನು ಉಳಿಸುವುದಕ್ಕೆ, ಇನ್ನೊಂದು ಕಟ್ಟಡದಿಂದ ಬೀಳುತ್ತಿರುವ ಟ್ರಿನಿಟಿಯನ್ನು ಉಳಿಸುವುದಕ್ಕೆ. ಹಿಂದಿನ ಐದು ಮಂದಿಗೆ ಮನುಕುಲದ ಮೇಲೆ ಒಟ್ಟಾರೆ ಪ್ರೀತಿ ಇತ್ತು, ಇವನಿಗೆ ಒಬ್ಬಳ ಮೇಲೆ ಪ್ರೀತಿ. ಆರ್ಕಿಟೆಕ್ಟ್‌ನ ಲೆಕ್ಕ ತಪ್ಪುವುದು ಅಲ್ಲೇ. ಸಿನಿಮಾ ಇದನ್ನು ಸರಿ ಅಂತಲೂ ಹೇಳುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಒಬ್ಬಳಿಗಾಗಿ ಎಲ್ಲರನ್ನೂ ಪಣಕ್ಕಿಡುವುದು ಪ್ರೀತಿಯೋ, ಸ್ವಾರ್ಥವೋ? ನನಗಂತೂ ಇವತ್ತಿಗೂ ಉತ್ತರ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಅಂಥ ಪ್ರಶ್ನೆ ಎತ್ತಿದ ಆಕ್ಷನ್ ಸಿನಿಮಾಗಳು ಎಷ್ಟಿವೆ ಹೇಳಿ?

ಹಾಗಂತ ಕುರುಡು ಭಕ್ತಿ ಬೇಡ. ಆ ಆಯ್ಕೆಯ ಬೆಲೆಯನ್ನು ಸಿನಿಮಾ ಅರ್ಧ ಮಾತ್ರ ವಸೂಲಿ ಮಾಡುತ್ತದೆ. ನಿಯೋ ಟ್ರಿನಿಟಿಯ ಮೈಯೊಳಗೆ ಕೈ ಹಾಕಿ ಗುಂಡು ತೆಗೆದು, ನಿಂತ ಎದೆ ಬಡಿತವನ್ನು ಮತ್ತೆ ಶುರು ಮಾಡುತ್ತಾನೆ. ಸಾವನ್ನೂ ರಿವರ್ಸ್ ಮಾಡಬಹುದು ಅಂದಮೇಲೆ ಆ ಎರಡು ಬಾಗಿಲ ಭಾರ ಎಲ್ಲಿ ಉಳಿಯಿತು? ನಿಜವಾದ ಬೆಲೆ ಕೊಟ್ಟವನು ಮಾರ್ಫಿಯಸ್. ಭವಿಷ್ಯವಾಣಿ ಕೂಡ ಇನ್ನೊಂದು ಹತೋಟಿ ಅಂತ ನಿಯೋ ಬಾಯಿಂದ ಕೇಳಿ, ಅದರ ಬೆನ್ನಿಗೇ ತನ್ನ ಹಡಗು ಕಣ್ಣೆದುರು ಸಿಡಿಯುವುದನ್ನು ನೋಡುತ್ತಾ ನಿಲ್ಲುತ್ತಾನಲ್ಲ, ಲಾರೆನ್ಸ್ ಫಿಶ್‌ಬರ್ನ್ ಮುಖ ನೋಡಿ ಆಗ. ಮೊದಲ ಸಿನಿಮಾದಿಂದ ಹೊತ್ತುಕೊಂಡು ಬಂದ ನಂಬಿಕೆ ಒಂದೇ ನಿಮಿಷದಲ್ಲಿ ಖಾಲಿ. ಇಡೀ 138 ನಿಮಿಷದಲ್ಲಿ ನನ್ನ ಹೊಟ್ಟೆಗೆ ಬಿದ್ದ ಗುದ್ದು ಅದೊಂದೇ.

ಇದೇ ಕೆಲಸವನ್ನು ಎರಡನೇ ಭಾಗಗಳಲ್ಲಿ ಇನ್ನೂ ಸಲೀಸಾಗಿ ಮಾಡಿದ ಸಿನಿಮಾ ಇಲ್ಲವೇ? ಇದೆ. 1991ರ 'ಟರ್ಮಿನೇಟರ್ 2'. ಕೊಲ್ಲಲು ಮಾಡಿದ ಯಂತ್ರಕ್ಕೆ ಒಬ್ಬ ಹುಡುಗ ಕೊಲ್ಲಬೇಡ ಅನ್ನುತ್ತಾನೆ. ಅತ್ತ ಅವನ ತಾಯಿ ಸಾರಾ ಬಂದೂಕು ಹಿಡಿದು ಒಬ್ಬ ವಿಜ್ಞಾನಿಯನ್ನು ಕೊಲ್ಲಲು ಹೊರಡುತ್ತಾಳೆ, ಅಂದರೆ ಮನುಷ್ಯಳೇ ಟರ್ಮಿನೇಟರ್ ಆಗುತ್ತಾಳೆ. ಯಾರೂ ಭಾಷಣ ಮಾಡುವುದಿಲ್ಲ, ಫೈಟಿನಲ್ಲೇ ವಿಷಯ ಇದೆ. ಕಟ್ಟಿದ ರೀತಿಯಲ್ಲಿ ಅದು ರೀಲೋಡೆಡ್‌ಗಿಂತ ಗಟ್ಟಿ, ನನಗೆ ಅನುಮಾನವಿಲ್ಲ. ಆದರೆ 'ಟರ್ಮಿನೇಟರ್ 2' ನಮ್ಮ ಹೀರೋಗಳನ್ನು ಅನುಮಾನಿಸಲು ಹೇಳಿಕೊಡುವುದು ಒಂದು ಹಂತದವರೆಗೆ ಮಾತ್ರ. ರೀಲೋಡೆಡ್ ಹೀರೋ ಅನ್ನೋ ಕಲ್ಪನೆಯ ಬುಡಕ್ಕೇ ಕೈ ಹಾಕುತ್ತದೆ. ಅದೂ ತನ್ನದೇ ಮೊದಲನೇ ಭಾಗ ಅಷ್ಟು ಗೆದ್ದಿದ್ದಾಗ! ಆ ಧೈರ್ಯಕ್ಕೆ ಒಂದು ನಮಸ್ಕಾರ.

ಇನ್ನು ನಮ್ಮವರ ಒಂದು ಅಭ್ಯಾಸದ ಬಗ್ಗೆ. ಮ್ಯಾಟ್ರಿಕ್ಸ್ ಅಂದಕೂಡಲೇ "ಇದೆಲ್ಲ ನಮ್ಮ ಶಂಕರರು ಯಾವತ್ತೋ ಹೇಳಿದ ಮಾಯೆ ಕಣ್ರೀ" ಅಂತ ಷರಾ ಬರೆದು ಎದ್ದುಬಿಡುತ್ತೇವೆ. ಸರಣಿಗೂ ನಮಗೂ ಕೊಂಡಿ ಇರುವುದು ನಿಜ. ಮೂರನೇ ಸಿನಿಮಾದ ಕೊನೆಯ ಸಂಗೀತದಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಮಂತ್ರವೇ ಇದೆ, ಆ ಹಾಡಿಗೆ 'ನವರಸ್' ಅಂತ ಹೆಸರು. ಅದೇ ಸಿನಿಮಾದಲ್ಲಿ ರಾಮಚಂದ್ರ, ಕಮಲಾ, ಸತಿ ಅನ್ನೋ ಹೆಸರಿನ ಪ್ರೋಗ್ರಾಂಗಳು ಕರ್ಮದ ಮಾತಾಡುತ್ತವೆ. ಆದರೆ ಮಾಯೆ ಮತ್ತು ಮ್ಯಾಟ್ರಿಕ್ಸ್ ಒಂದೇ ಅಲ್ಲ. ಮ್ಯಾಟ್ರಿಕ್ಸನ್ನು ಒಬ್ಬರು ಕಟ್ಟಿದ್ದಾರೆ, ಅದರಿಂದ ಒಬ್ಬರಿಗೆ ಲಾಭ ಇದೆ, ಹೊರಗೆ ಬಂದರೆ ಅಲ್ಲೊಂದು ನಿಜವಾದ ಮೈ, ನಿಜವಾದ ಹಸಿವು ಕಾದಿರುತ್ತದೆ. ಅದ್ವೈತದಲ್ಲಿ ಹೊರಗೆ ಬಂದು ನಿಲ್ಲುವ ಇನ್ನೊಂದು ಊರು ಇಲ್ಲ. ರೀಲೋಡೆಡ್ ಕೇಳುವ ಪ್ರಶ್ನೆ "ಯಾವುದು ಸತ್ಯ?" ಅಲ್ಲ, "ನನ್ನ ಆಯ್ಕೆ ನನ್ನದೇನಾ?" ಅನ್ನೋದು. ಅದಕ್ಕೆ ಮಾಯೆಗಿಂತ ವಿಧಿ ಮತ್ತು ಪುರುಷಪ್ರಯತ್ನದ ಜಗಳ ಹತ್ತಿರ. "ನಮ್ಮಲ್ಲಿ ಮೊದಲೇ ಇತ್ತು" ಅಂದುಬಿಟ್ಟರೆ ಆ ಪ್ರಶ್ನೆ ಕೇಳಿಸಿಕೊಳ್ಳುವ ಕಷ್ಟವೇ ಇರುವುದಿಲ್ಲ.

ಈಗ ಮೊದಲು ಹೇಳಿದ್ದಕ್ಕೆ ಬರುತ್ತೇನೆ, ಇದು ಬರೀ ರುಚಿಯ ವಿಷಯ ಅಲ್ಲ ಅಂದಿದ್ದೆನಲ್ಲ.

'ಕೆಂಪು ಮಾತ್ರೆ' ಅನ್ನೋ ಮಾತು ಸಿನಿಮಾ ಬಿಟ್ಟು ಹೊರಗೆ ಬಂದು ಬಹಳ ವರ್ಷ ಆಯಿತು. ಹೆಂಗಸರನ್ನು ದ್ವೇಷಿಸುವ ಇಂಟರ್ನೆಟ್ ಗುಂಪುಗಳು ಅದನ್ನು ಎತ್ತಿಕೊಂಡವು, ರಾಜಕೀಯದವರು ಎತ್ತಿಕೊಂಡರು. 2020ರಲ್ಲಿ ಈಲಾನ್ ಮಸ್ಕ್ ಕೆಂಪು ಮಾತ್ರೆ ತಗೊಳ್ಳಿ ಅಂತ ಟ್ವೀಟ್ ಮಾಡಿ, ಇವಾಂಕಾ ಟ್ರಂಪ್ ತಗೊಂಡಾಯಿತು ಅಂದಾಗ, ಸಿನಿಮಾ ಮಾಡಿದ ಇಬ್ಬರಲ್ಲಿ ಒಬ್ಬರಾದ ಲಿಲ್ಲಿ ವಚೌಸ್ಕಿ ಇಬ್ಬರಿಗೂ ಖಾರವಾಗಿಯೇ ಬೈದಿದ್ದರು. ಈ ಎಲ್ಲ ಗುಂಪುಗಳಿಗೂ ಇರುವ ನಶೆ ಒಂದೇ. ನಾನು ಎಚ್ಚೆತ್ತಿದ್ದೇನೆ, ನೀವೆಲ್ಲ ಮಲಗಿದ್ದೀರಿ. ನನಗೆ ಸತ್ಯ ಗೊತ್ತು, ನೀವು ಕುರಿಗಳು. ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬರುವ "ಇದನ್ನು ಯಾವ ಮಾಧ್ಯಮವೂ ನಿಮಗೆ ತೋರಿಸುವುದಿಲ್ಲ" ಅನ್ನೋ ಫಾರ್ವರ್ಡುಗಳಲ್ಲೂ ಇರುವುದು ಅದೇ ನಶೆ.

ಮೊದಲನೇ ಮ್ಯಾಟ್ರಿಕ್ಸ್ ಎಷ್ಟೇ ಚೆನ್ನಾಗಿರಲಿ, ಆ ನಶೆಗೆ ಸ್ವಲ್ಪ ಜಾಗ ಕೊಡುತ್ತದೆ. ಎರಡನೇದು ಅದನ್ನು ಇಳಿಸುತ್ತದೆ. ಎಚ್ಚೆತ್ತವನೇ, ನಿನ್ನ ಎಚ್ಚರವೂ ಯಾರದೋ ಲೆಕ್ಕದ ಒಂದು ಅಂಕಿ ಇರಬಹುದಲ್ಲ? ನಿನ್ನ ಸಿಟ್ಟು ಯಾರಿಗೆ ಉಪಯೋಗ ಆಗುತ್ತಿದೆ? ನಿನ್ನನ್ನು ಹೀರೋ ಅಂತ ಒಪ್ಪಿಸಿದವರು ಯಾರು? ಫ್ರೆಂಚ್ ಚಿಂತಕ ಬೋದ್ರಿಯಾ (ಮೊದಲ ಸಿನಿಮಾದಲ್ಲಿ ನಿಯೋ ಡಿಸ್ಕ್ ಅಡಗಿಸಿಡುವುದು ಅವನ ಪುಸ್ತಕದ ಒಳಗೇ) 2003ರಲ್ಲಿ, ಮ್ಯಾಟ್ರಿಕ್ಸ್ ಬಗ್ಗೆ ಮ್ಯಾಟ್ರಿಕ್ಸೇ ತೆಗೆಯಬಹುದಾಗಿದ್ದಂಥ ಸಿನಿಮಾ ಇದು ಅನ್ನೋ ಅರ್ಥದಲ್ಲಿ ಚುಚ್ಚಿದ್ದ. ಚುಚ್ಚಿದ್ದು ಸರಿಯೇ. ಆದರೆ ನನಗೆ ಅನ್ನಿಸುವುದು, ಆರ್ಕಿಟೆಕ್ಟ್ ಸೀನಿನಲ್ಲಿ ಸಿನಿಮಾ ಹೆಚ್ಚುಕಡಿಮೆ ಅದನ್ನೇ ತನ್ನ ಬಾಯಿಂದ ಹೇಳುತ್ತದೆ.

ನಾವು ಏನು ಮಾಡಿದೆವು? ಆ ಸೀನು ಬಂದಾಗ ಫಾರ್ವರ್ಡ್ ಬಟನ್ ಒತ್ತಿದೆವು. ಕೋಟು, ಕನ್ನಡಕ, ಕೆಂಪು ಮಾತ್ರೆ ಇಟ್ಟುಕೊಂಡೆವು, ಅದರ ಔಷಧಿಯನ್ನು ಬೋರು ಅಂತ ಬಿಸಾಕಿದೆವು. 2021ರಲ್ಲಿ ಲಾನಾ ವಚೌಸ್ಕಿ ಒಬ್ಬರೇ ಮಾಡಿದ ನಾಲ್ಕನೇ ಸಿನಿಮಾದಲ್ಲಿ ಒಂದು ಮೀಟಿಂಗ್ ಸೀನಿದೆ. ಮ್ಯಾಟ್ರಿಕ್ಸ್ ಅಂದರೆ ಏನು ಅಂತ ಅಲ್ಲಿ ಕೂತವರು ಚರ್ಚೆ ಮಾಡುತ್ತಾರೆ. ಒಬ್ಬನಿಗೆ ಅದು ತತ್ವ, ಇನ್ನೊಬ್ಬನಿಗೆ ಬುಲೆಟ್ ಟೈಮ್. ಎದುರಿಗೆ ಕೂತ ಕಿಯಾನು ರೀವ್ಸ್ ಮುಖ ಸುಸ್ತಾಗಿ ಹೋಗಿರುತ್ತದೆ. ಇಷ್ಟು ವರ್ಷ ನಾವೆಲ್ಲ ಮಾಡಿದ ಜಗಳವನ್ನೇ ಅಲ್ಲಿ ಲೇವಡಿ ಮಾಡಿದ್ದಾರೆ :-)

ಹಾಗಾಗಿ ಯಾರಾದರೂ ನನ್ನನ್ನು "ಫೈಟಾ, ಫಿಲಾಸಫಿಯಾ?" ಅಂತ ಕೇಳಿದರೆ ನಾನು ತಿರುಗಿಸಿ ಕೇಳುವುದು ಇಷ್ಟೇ. ಈ ಫೈಟಿನ ಕೊನೆಯಲ್ಲಿ ಯಾರು ಏನು ಕಳೆದುಕೊಂಡರು? ಈ ಮಾತಿನ ಕೊನೆಯಲ್ಲಿ ಯಾರ ನಂಬಿಕೆ ಅಲ್ಲಾಡಿತು? ಉತ್ತರ ಇದ್ದರೆ ಎರಡೂ ಇರಲಿ, ಎಷ್ಟು ಹೊತ್ತಾದರೂ ಇರಲಿ. ಉತ್ತರ ಇಲ್ಲದಿದ್ದರೆ ನೂರು ಸ್ಮಿತ್ ಬಂದರೂ ಅಷ್ಟೇ, ನೂರು ತತ್ವಜ್ಞಾನಿಗಳು ಬಂದರೂ ಅಷ್ಟೇ.

ಪುರುಸೊತ್ತಿದ್ದರೆ ಇನ್ನೊಮ್ಮೆ ನೋಡಿ. ನೂರು ಸ್ಮಿತ್‌ಗಳ ಫೈಟು ಬಂದಾಗ ಎದ್ದು ಹೋಗಿ ಕಾಫಿ ಮಾಡಿಕೊಂಡು ಬನ್ನಿ. ಕೌನ್ಸಿಲರ್ ಹಾಮನ್ ಬಂದಾಗ, ಆರ್ಕಿಟೆಕ್ಟ್ ಬಂದಾಗ ಮಾತ್ರ ದಯವಿಟ್ಟು ಕೂತಿರಿ. ಆಮೇಲೆ ಆ ಎರಡು ಬಾಗಿಲುಗಳಲ್ಲಿ ನೀವು ಯಾವುದನ್ನು ತೆಗೆಯುತ್ತಿದ್ದಿರಿ ಅಂತ ಹೇಳಿ, ಜಗಳ ಮುಂದುವರೆಸೋಣ.